ಅಮೆರಿಕದ ಕಾಲೇಜ್ ಹಾಕಿ: ಟಿಕೆಟ್ ರೇಟು ಮೇಲೆ, ಗ್ಯಾಲರಿಯಲ್ಲಿ ಖಾಲಿ ಸೀಟು. ಯಾಕೆ ಹೀಗಾಯ್ತು?

ಹಾಕಿ ಅಂದ ತಕ್ಷಣ ಕೊಡಗಿನವರಿಗೆ ನೆನಪಾಗೋದು ಟರ್ಫ್ ಮೈದಾನ, ಬೇಸಿಗೆ ಬಿಸಿಲು, ಕುಟುಂಬದ ಹೆಸರು ಬರೆದ ಜೆರ್ಸಿ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಬರೀ ‘ಹಾಕಿ’ ಅಂದ್ರೆ ಐಸ್ ಹಾಕಿ. ನಮ್ಮ ಆಟವನ್ನು ಅವರು ‘ಫೀಲ್ಡ್ ಹಾಕಿ’ ಅಂತ ಬೇರೆ ಮಾಡಿ ಕರೀತಾರೆ. ಆ ಐಸ್ ಹಾಕಿಯಲ್ಲಿ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಒಂದು ಕಡೆಯಾದರೆ, ವಿಶ್ವವಿದ್ಯಾಲಯಗಳ ತಂಡಗಳು ಆಡುವ ಕಾಲೇಜ್ ಹಾಕಿ ಇನ್ನೊಂದು ಕಡೆ. ಈ ಎರಡನೆಯದು ಚಿಕ್ಕ ಊರುಗಳ ಆಟ. ಶುಕ್ರವಾರ, ಶನಿವಾರ ಸಂಜೆ ಇಡೀ ಊರು ಗ್ಯಾಲರಿಗೆ ಹೋಗೋದು, ಮ್ಯಾಚ್ ಮುಗಿದ ಮೇಲೆ ಪೇಟೆ ಬೀದಿಯ ಹೋಟೆಲು ತುಂಬೋದು ಅಲ್ಲಿನ ಚಳಿಗಾಲದ ರೂಢಿ.

ಕಳೆದ ಹತ್ತು ಹನ್ನೆರಡು ವರ್ಷದಿಂದ ಕೆಲವು ದೊಡ್ಡ ಹೆಸರಿನ ಕೇಂದ್ರಗಳಲ್ಲಿ ಈ ರೂಢಿ ಸಡಿಲವಾಗಿದೆ. ಟಿಕೆಟ್ ದುಬಾರಿಯಾಯ್ತು, ಜನ ಕಡಿಮೆಯಾದ್ರು. ‘ರೇಟು ಏರಿಸಿದ್ದಕ್ಕೆ ಜನ ಬರಲಿಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದ್ರೆ ಲೆಕ್ಕ ಅಷ್ಟು ಸುಲಭ ಇಲ್ಲ. ಅಂಗಡಿ ನಡೆಸುವವರಿಗೆ ಗೊತ್ತಿರೋ ವಿಷಯವೇ ಇದು: ಬೆಲೆ ಸ್ವಲ್ಪ ಏರಿದ್ರೆ ಹಳೆ ಗಿರಾಕಿ ಗೊಣಗಿಕೊಂಡೇ ತಗೋತಾನೆ. ಸಾಮಾನೂ ಬದಲಾಗಿ ಬೆಲೆಯೂ ಏರಿದ್ರೆ ಮಾತ್ರ ಪಕ್ಕದ ಅಂಗಡಿ ಮೆಟ್ಟಿಲು ಹತ್ತುತ್ತಾನೆ.

ಆಟದ ವ್ಯವಸ್ಥೆ ಹೇಗಿದೆ?

ಕಾಲೇಜು ಕ್ರೀಡೆಗಳನ್ನು ನಡೆಸೋದು ಎನ್‌ಸಿಎಎ ಎಂಬ ಸಂಸ್ಥೆ. ಅದರ ಮೊದಲ ದರ್ಜೆಯಲ್ಲಿ 60ಕ್ಕೂ ಹೆಚ್ಚು ಪುರುಷರ ಹಾಕಿ ತಂಡಗಳಿವೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಹೋಲಿಸಿದ್ರೆ ಇದು ಸಣ್ಣ ಸಂಖ್ಯೆ. ತಂಡಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಲ್ಲಿ ಆಡುತ್ತವೆ. ಅಕ್ಟೋಬರ್‌ನಲ್ಲಿ ಶುರು, ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿ. ಅದಕ್ಕೆ 16 ತಂಡಗಳು ಆಯ್ಕೆಯಾಗುತ್ತವೆ. ಕೊನೆಯ ನಾಲ್ಕು ತಂಡಗಳ ಹಂತಕ್ಕೆ ‘ಫ್ರೋಜನ್ ಫೋರ್’ ಅಂತ ಹೆಸರು, ಅದು ಏಪ್ರಿಲ್‌ನಲ್ಲಿ.

ನಿಯಮಿತ ಸೀಸನ್‌ನಲ್ಲಿ ಒಂದು ತಂಡ ಹೆಚ್ಚೆಂದರೆ 34 ಪಂದ್ಯ ಆಡಬಹುದು. ಅರ್ಧ ತವರಲ್ಲಿ ಅಂದುಕೊಂಡ್ರೂ 17. ಒಂದು ವಾರಾಂತ್ಯಕ್ಕೆ ಎರಡು ಪಂದ್ಯದ ಲೆಕ್ಕದಲ್ಲಿ ಊರಿಗೆ ಸಿಗೋದು ಎಂಟೊಂಬತ್ತು ವಾರಾಂತ್ಯ ಅಷ್ಟೇ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಅಂಗಡಿ ವ್ಯಾಪಾರದ ಲೆಕ್ಕಕ್ಕೆ ಬೇಕಾಗುತ್ತೆ.

ತುಂಬಿ ತುಳುಕುತ್ತಿದ್ದ ಎರಡು ಊರು

ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್. ಅಲ್ಲಿನ ವಿಶ್ವವಿದ್ಯಾಲಯದ ಕೋಲ್ ಸೆಂಟರ್ 1998ರಲ್ಲಿ ಶುರುವಾಯ್ತು. ಹಾಕಿಗೆ 15,359 ಸೀಟು. ಕಾಲೇಜು ಹುಡುಗರ ಆಟ ನೋಡೋಕೆ ಇಷ್ಟು ದೊಡ್ಡ ಮನೆ. ಅದು ತುಂಬುತ್ತಲೂ ಇತ್ತು, ದೇಶದ ಹಾಜರಾತಿ ಪಟ್ಟಿಯಲ್ಲಿ ವಿಸ್ಕಾನ್ಸಿನ್ ಹಲವು ವರ್ಷ ನಂಬರ್ ಒನ್. ಪಕ್ಕದ ಮಿನ್ನೆಸೋಟದಲ್ಲಿ 1993ರಲ್ಲಿ ತೆರೆದ ಮಾರಿಯುಚ್ಚಿ ಅರೀನಾಗೆ ಸುಮಾರು 10 ಸಾವಿರ ಸೀಟು. ಸೀಸನ್ ಟಿಕೆಟ್ ಅಲ್ಲಿ ಮನೆತನದ ಆಸ್ತಿ ಇದ್ದ ಹಾಗೆ, ಅಪ್ಪನಿಂದ ಮಗನಿಗೆ ಬರುತ್ತಿತ್ತು.

2013ರಲ್ಲಿ ದೊಡ್ಡ ಬದಲಾವಣೆ ಆಯ್ತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಅದರ ಹಳೆಯ ವಿದ್ಯಾರ್ಥಿ, ಗ್ಯಾಸ್ ಉದ್ಯಮಿ ಟೆರ್ರಿ ಪೆಗುಲಾ ದಂಪತಿ 2010ರಲ್ಲಿ 8.8 ಕೋಟಿ ಡಾಲರ್ ಹಾಕಿಗೆ ಕೊಡೋದಾಗಿ ಘೋಷಿಸಿದ್ರು, ಆಮೇಲೆ ಅದು 10.2 ಕೋಟಿಗೆ ಏರಿತು. ಪೆನ್ ಸ್ಟೇಟ್ ಸೇರಿ ‘ಬಿಗ್ ಟೆನ್’ ಗುಂಪಿನಲ್ಲಿ ಆರು ಹಾಕಿ ತಂಡಗಳಾದವು. ಆರು ಸಿಕ್ಕ ಕೂಡಲೇ ಬಿಗ್ ಟೆನ್ ತನ್ನದೇ ಹಾಕಿ ಲೀಗ್ ಮಾಡಿತು. ಅದಕ್ಕೆ ಸ್ವಂತ ಟಿವಿ ಚಾನೆಲ್ ಇತ್ತಲ್ಲ, ಅದಕ್ಕೆ ಕಾರ್ಯಕ್ರಮ ಬೇಕಿತ್ತು.

ಮಿನ್ನೆಸೋಟ, ವಿಸ್ಕಾನ್ಸಿನ್ ಎರಡೂ ದಶಕಗಳಿಂದ ಇದ್ದ ಡಬ್ಲ್ಯೂಸಿಎಚ್‌ಎ ಗುಂಪು ಬಿಟ್ಟು ಹೊರಟವು. ನಾರ್ತ್ ಡಕೋಟ, ಡೆನ್ವರ್, ಮಿನ್ನೆಸೋಟ ಡುಲುತ್, ಸೇಂಟ್ ಕ್ಲೌಡ್ ಮುಂತಾದ ತಂಡಗಳು ಇನ್ನೊಂದು ಹೊಸ ಗುಂಪು ಕಟ್ಟಿಕೊಂಡವು. ಪರಿಣಾಮ ಏನಾಯ್ತು ಅಂದ್ರೆ, ಮಿನ್ನೆಸೋಟ ಮತ್ತು ನಾರ್ತ್ ಡಕೋಟ ಎಂಬ ಬದ್ಧ ಎದುರಾಳಿಗಳು ನಿಯಮಿತ ಸೀಸನ್‌ನಲ್ಲಿ 2016ರ ಅಕ್ಟೋಬರ್‌ವರೆಗೆ ಒಮ್ಮೆಯೂ ಆಡಲಿಲ್ಲ. ಬಸ್ ಮಾಡಿಕೊಂಡು ಬರುತ್ತಿದ್ದ ಎದುರಾಳಿ ಅಭಿಮಾನಿಗಳೂ ನಿಂತ್ರು. ಬದಲಿಗೆ ಬಂದ ತಂಡಗಳು ಹೆಸರಲ್ಲಿ ದೊಡ್ಡವು, ಆದ್ರೆ ಆ ಜನಕ್ಕೆ ಅವರ ಮೇಲೆ ಹಳೆ ಸಿಟ್ಟಿಲ್ಲ. ಸಿಟ್ಟಿಲ್ಲದ ಮೇಲೆ ಸ್ಪರ್ಧೆಗೆ ರುಚಿ ಎಲ್ಲಿಂದ?

ಇಲ್ಲಿ ಒಂದು ಹೋಲಿಕೆ ಗಮನಿಸಬೇಕು. ವಿಸ್ಕಾನ್ಸಿನ್ ಆ ಹೊತ್ತಿಗೆ ಸೋಲೋಕೂ ಶುರು ಮಾಡಿತ್ತು. 2014-15ರಲ್ಲಿ ಗೆದ್ದಿದ್ದು ಬರೀ 4, ಸೋತಿದ್ದು 26, ಡ್ರಾ 5. ಸೋಲುವ ತಂಡಕ್ಕೆ ಜನ ಬರಲ್ಲ ಅಂದ್ರೆ ಒಪ್ಪಬಹುದು. ಆದ್ರೆ ಮಿನ್ನೆಸೋಟ ಬಿಗ್ ಟೆನ್‌ನ ಮೊದಲ ನಾಲ್ಕೂ ಸೀಸನ್ ಪ್ರಶಸ್ತಿ ಗೆದ್ದಿತು, 2014ರಲ್ಲಿ ರಾಷ್ಟ್ರೀಯ ಫೈನಲ್‌ಗೂ ಹೋಯಿತು. ಅಲ್ಲೂ ಸೀಟು ಖಾಲಿಯಾಗುತ್ತಾ ಬಂತು. ಗೆದ್ದರೂ ಜನ ಬರಲಿಲ್ಲ ಅಂದ್ರೆ ಕಾಯಿಲೆ ಬೇರೆ ಕಡೆ ಇದೆ ಅಂತಲೇ ಅರ್ಥ.

ಆ ಊರಿನವರಿಗೆ ಬೇರೆ ಆಯ್ಕೆಗಳೂ ಇದ್ದವು ಅನ್ನೋದನ್ನ ಮರೆಯಬಾರದು. 2000ದಲ್ಲಿ ಎನ್‌ಎಚ್‌ಎಲ್‌ನ ಮಿನ್ನೆಸೋಟ ವೈಲ್ಡ್ ತಂಡ ಪಕ್ಕದ ಸೇಂಟ್ ಪಾಲ್‌ಗೆ ಬಂತು. ಹೈಸ್ಕೂಲ್ ಹಾಕಿ ಅಂತೂ ಅಲ್ಲಿ ಹಬ್ಬ. ಜೊತೆಗೆ ಮನೆಯಲ್ಲೇ ಟಿವಿ, ಮೊಬೈಲ್‌ನಲ್ಲಿ ನೇರ ಪ್ರಸಾರ. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ ಚಳಿ ಇದ್ದಾಗ ಸೋಫಾ ಬಿಟ್ಟು ಎದ್ದು ಹೋಗೋಕೆ ಗಟ್ಟಿ ಕಾರಣ ಬೇಕಾಗುತ್ತೆ.

ಟಿಕೆಟ್ ಮೇಲೆ ಬರೆದ ರೇಟು ಪೂರ್ತಿ ರೇಟಲ್ಲ

ಟಿಕೆಟ್ ದುಬಾರಿ ಅಂದ್ರೆ ಎಷ್ಟು ಅಂತ ಒಂದು ಸಂಖ್ಯೆ ಹೇಳಿ ಮುಗಿಸೋ ಹಾಗಿಲ್ಲ. ಊರು, ಎದುರಾಳಿ, ಸೀಟು ನೋಡಿ ಬದಲಾಗುತ್ತೆ. ಈಗ ಹಲವು ಕಡೆ ವಿಮಾನದ ಟಿಕೆಟ್ ಥರ ಬೇಡಿಕೆ ನೋಡಿ ದಿನದಿನವೂ ರೇಟು ಬದಲಾಗುತ್ತೆ. ಮುಖ್ಯವಾಗಿ ತಿಳಿಯಬೇಕಾದ್ದು ಅದರ ಪದರಗಳು.

ಮೊದಲು ಮುಖಬೆಲೆ. ಅದರ ಮೇಲೆ ಆನ್‌ಲೈನ್ ಮಾರುವ ಕಂಪನಿಯ ಸೇವಾ ಶುಲ್ಕ, ಅರೀನಾ ಶುಲ್ಕ. ಆಮೇಲೆ ಪಾರ್ಕಿಂಗ್, ಒಳಗಿನ ತಿಂಡಿ. ನಾಲ್ಕು ಜನರ ಕುಟುಂಬ ಹೊರಟ್ರೆ ಇವೆಲ್ಲ ನಾಲ್ಕರಿಂದ ಗುಣಿಸಬೇಕು. ಶುಲ್ಕಗಳನ್ನು ಕೊನೆಯ ಪುಟದಲ್ಲಿ ತೋರಿಸಿ ಗಿರಾಕಿಯನ್ನು ಸಿಕ್ಕಿಸುವ ಅಭ್ಯಾಸ ಎಷ್ಟು ಬೆಳೆದಿತ್ತು ಅಂದ್ರೆ, ಅಮೆರಿಕ ಸರ್ಕಾರವೇ ನಿಯಮ ತಂದು, 2025ರ ಮೇ ತಿಂಗಳಿಂದ ಎಲ್ಲಾ ಶುಲ್ಕ ಸೇರಿಸಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು ಅಂತ ಹೇಳಬೇಕಾಯ್ತು.

ಇವೆಲ್ಲಕ್ಕಿಂತ ಭಾರವಾದ ಪದರ ‘ದೇಣಿಗೆ’. ಒಳ್ಳೆ ಜಾಗದ ಸೀಸನ್ ಟಿಕೆಟ್ ಬೇಕಾದ್ರೆ ಟಿಕೆಟ್ ಹಣ ಕೊಟ್ರೆ ಸಾಲದು, ಆ ಸೀಟಿನ ಹಕ್ಕಿಗಾಗಿ ವಿಶ್ವವಿದ್ಯಾಲಯದ ಕ್ರೀಡಾ ನಿಧಿಗೆ ಪ್ರತಿ ವರ್ಷ ಇಷ್ಟು ಅಂತ ಕೊಡಬೇಕು. ನಮ್ಮಲ್ಲಿ ಸೀಟಿಗೆ ಡೊನೇಷನ್ ಅಂದ್ರೆ ಕಾಲೇಜ್ ಅಡ್ಮಿಷನ್. ಅಲ್ಲಿ ಗ್ಯಾಲರಿ ಸೀಟಿಗೂ ಡೊನೇಷನ್! ಮೊದಲು ಇದಕ್ಕೊಂದು ಸಮಾಧಾನ ಇತ್ತು. ಆ ದೇಣಿಗೆಯ ಶೇ 80ರಷ್ಟನ್ನು ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. 2017ರ ಕೊನೆಯಲ್ಲಿ ಬಂದ ತೆರಿಗೆ ಕಾನೂನು 2018ರಿಂದ ಆ ವಿನಾಯಿತಿ ತೆಗೆದುಹಾಕಿತು. ವಿಶ್ವವಿದ್ಯಾಲಯ ಒಂದು ಪೈಸೆ ಏರಿಸದಿದ್ರೂ ತೆರಿಗೆ ಕಟ್ಟುವ ಗಿರಾಕಿಗೆ ಸೀಟು ದುಬಾರಿಯಾಯ್ತು.

ಇಂಥ ಸೀಟಲ್ಲಿ ಕೂರುತ್ತಿದ್ದವರು ಯಾರು? ಕಂಪನಿ ಮಾಲೀಕರಷ್ಟೇ ಅಲ್ಲ. ನಿವೃತ್ತ ಮೇಷ್ಟ್ರು, ಹಾರ್ಡ್‌ವೇರ್ ಅಂಗಡಿಯವರು, ಮೂವತ್ತು ವರ್ಷದಿಂದ ಅದೇ ಸಾಲಲ್ಲಿ ಕೂತು ಅಕ್ಕಪಕ್ಕದವರ ಮಕ್ಕಳ ಮದುವೆಗೆ ಹೋಗಿ ಬಂದವರು. ಈ ಥರದ ಗಿರಾಕಿ ಒಮ್ಮೆ ಸೀಟು ಬಿಟ್ಟುಕೊಟ್ರೆ ವಾಪಸ್ ಬರೋದು ಕಷ್ಟ. ಅವನು ಟಿಕೆಟ್ ಒಂದನ್ನೇ ಬಿಟ್ಟಿರಲ್ಲ, ಅಭ್ಯಾಸವನ್ನೇ ಬಿಟ್ಟಿರ್ತಾನೆ.

ವಿದ್ಯಾರ್ಥಿಗಳ ವಿಷಯ ಇನ್ನೂ ಸೂಕ್ಷ್ಮ. ಅವರ ಟಿಕೆಟ್ ಅಗ್ಗವೇ. ಆದ್ರೆ ಕಾಲೇಜಿನ ಜೀವನ ನಾಲ್ಕು ವರ್ಷ. ಒಂದು ಬ್ಯಾಚ್ ಮ್ಯಾಚಿಗೆ ಹೋಗುವ ಚಟ ಹತ್ತಿಸಿಕೊಳ್ಳದೆ ಪದವಿ ಪಡೆದು ಹೋಯ್ತು ಅಂದ್ರೆ, ಮುಂದೆ ದುಡ್ಡಿದ್ದಾಗ ಸೀಸನ್ ಟಿಕೆಟ್ ಕೊಳ್ಳುವ ಹಳೆ ವಿದ್ಯಾರ್ಥಿಯೂ ಹೋದ. ಇವತ್ತಿನ ಖಾಲಿ ವಿದ್ಯಾರ್ಥಿ ಗ್ಯಾಲರಿಯ ನಷ್ಟ ಹದಿನೈದು ವರ್ಷದ ನಂತರ ಲೆಕ್ಕಕ್ಕೆ ಬರುತ್ತೆ.

ಜಾತ್ರೆ ಹರಾಜಿನಂಥ ‘ರೀಜನಲ್’ ಪಂದ್ಯಗಳು

ದುಬಾರಿ ಟಿಕೆಟ್ ಮತ್ತು ಖಾಲಿ ಸೀಟು ಎರಡೂ ಒಟ್ಟಿಗೆ ಕಣ್ಣಿಗೆ ಹೊಡೆಯೋದು ರಾಷ್ಟ್ರೀಯ ಟೂರ್ನಿಯ ಮೊದಲ ಎರಡು ಸುತ್ತಲ್ಲಿ. ಸೀಸನ್‌ನ ಅತಿ ಮುಖ್ಯ ಪಂದ್ಯಗಳು ಇವು, ಆದ್ರೆ ಟಿವಿಯಲ್ಲಿ ನೋಡಿದ್ರೆ ಎಷ್ಟೋ ಸಲ ಅರ್ಧ ಗ್ಯಾಲರಿ ಬರಿದು.

1991ರವರೆಗೆ ಈ ಸುತ್ತುಗಳು ಕಾಲೇಜುಗಳ ತವರು ಅಂಗಳದಲ್ಲೇ ನಡೀತಿದ್ದವು. 1992ರಿಂದ ಮೊದಲೇ ಗೊತ್ತು ಮಾಡಿದ ಸ್ಥಳಗಳಿಗೆ ಹೋದವು. 2003ರಿಂದ 16 ತಂಡ, ನಾಲ್ಕು ಊರು. ಯಾವ ಊರಲ್ಲಿ ಅನ್ನೋದು ವರ್ಷಗಳ ಮುಂಚೆಯೇ ಬಿಡ್ ಮೂಲಕ ತೀರ್ಮಾನ ಆಗುತ್ತೆ. ಬಿಡ್ ಹಾಕುವವರು ಇಷ್ಟು ಹಣ ಗ್ಯಾರಂಟಿ ಅಂತ ಒಪ್ಪಿಕೊಂಡಿರ್ತಾರೆ.

ಇದನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ಜಾತ್ರೆಯ ಸುಂಕ, ಪಾರ್ಕಿಂಗ್ ಹರಾಜು ನೆನಪಿಸಿಕೊಂಡ್ರೆ ಸಾಕು. ಹರಾಜಲ್ಲಿ ಹೆಚ್ಚಿಗೆ ಕೂಗಿದವನು ಆ ದುಡ್ಡನ್ನ ಮೂರು ದಿನದಲ್ಲಿ ಎತ್ತಬೇಕು. ಯಾರಿಂದ ಎತ್ತುತ್ತಾನೆ? ಬಂದವರಿಂದಲೇ. ಜನ ಕಡಿಮೆ ಬರ್ತಾರೆ ಅನ್ನಿಸಿದ್ರೆ ರೇಟು ಇಳಿಸೋ ಬದಲು ಏರಿಸೋ ಆಸೆ ಹುಟ್ಟುತ್ತೆ, ಯಾಕಂದ್ರೆ ಎಷ್ಟಾದ್ರೂ ಕಟ್ಟಾ ಅಭಿಮಾನಿ ಕೊಟ್ಟೇ ಕೊಡ್ತಾನೆ ಅನ್ನೋ ಧೈರ್ಯ. ರೀಜನಲ್ ಟಿಕೆಟ್ ಬಗ್ಗೆ ಅಲ್ಲಿನ ಅಭಿಮಾನಿಗಳ ದೂರು ಬಹುತೇಕ ಇದೇ.

ಇನ್ನು ಪ್ರಯಾಣ. ಯಾರು ಎಲ್ಲಿ ಆಡ್ತಾರೆ ಅಂತ ಗೊತ್ತಾಗೋದು ಭಾನುವಾರ. ಪಂದ್ಯ ಅದೇ ವಾರದ ಗುರುವಾರ ಅಥವಾ ಶುಕ್ರವಾರ. ನಾಲ್ಕು ದಿನದಲ್ಲಿ ವಿಮಾನ, ಹೋಟೆಲು, ರಜೆ ಎಲ್ಲಾ ಹೊಂದಿಸಬೇಕು. ಮೊದಲ ಪಂದ್ಯ ಸೋತ್ರೆ ಮರುದಿನ ವಾಪಸ್.

2024ರ ಉದಾಹರಣೆ ನೋಡಿ. ಡೆನ್ವರ್ ತಂಡ ತನ್ನ ರೀಜನಲ್‌ನಲ್ಲಿ ಮೊದಲ ಶ್ರೇಯಾಂಕ. ಪ್ರತಿಫಲವಾಗಿ ಸಿಕ್ಕಿದ್ದು ಸುಮಾರು ಮೂರು ಸಾವಿರ ಕಿ.ಮೀ. ದೂರದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್. ಎದುರಾಳಿ ಯಾರು? ಅಲ್ಲಿಂದ ಒಂದು ಗಂಟೆಯೊಳಗಿನ ಹಾದಿಯಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ! ಆತಿಥೇಯ ಕಾಲೇಜು ಟೂರ್ನಿಗೆ ಆಯ್ಕೆಯಾದ್ರೆ ತಾನು ಆತಿಥ್ಯ ವಹಿಸಿದ ಊರಲ್ಲೇ ಆಡಬೇಕು ಅನ್ನೋದು ನಿಯಮ. ಡೆನ್ವರ್ ಎರಡು ಹೆಚ್ಚುವರಿ ಅವಧಿ ಆಡಿ 2-1ರಲ್ಲಿ ಗೆದ್ದಿತು, ಮುಂದೆ ಚಾಂಪಿಯನ್ನೂ ಆಯ್ತು. ಆದ್ರೆ ಡೆನ್ವರ್ ಊರಿನ ಜನಕ್ಕೆ, ಅಲ್ಲಿನ ಹೋಟೆಲಿಗೆ ಆ ವಾರಾಂತ್ಯದಿಂದ ಬಂದಿದ್ದು ಏನೂ ಇಲ್ಲ.

ತವರಲ್ಲೇ ಆಡಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಪಾಠ ಅವರ ಹತ್ತಿರವೇ ಇದೆ. ಬಿಗ್ ಟೆನ್ ತನ್ನ ಗುಂಪಿನ ಟೂರ್ನಿಯನ್ನು 2014ರಿಂದ 2017ರವರೆಗೆ ಒಂದು ವರ್ಷ ಸೇಂಟ್ ಪಾಲ್, ಒಂದು ವರ್ಷ ಡೆಟ್ರಾಯಿಟ್ ಅಂತ ಎನ್‌ಎಚ್‌ಎಲ್‌ನ ದೊಡ್ಡ ಅರೀನಾಗಳಲ್ಲಿ ನಡೆಸಿತು. ಸೇಂಟ್ ಪಾಲ್ ಅರೀನಾಗೆ ಹತ್ತಿರ ಹತ್ತಿರ 18 ಸಾವಿರ ಸೀಟು. ಹಳೆ ಡಬ್ಲ್ಯೂಸಿಎಚ್‌ಎ ಟೂರ್ನಿಗೆ ಅಲ್ಲಿ ಜಾತ್ರೆ ಸೇರುತ್ತಿತ್ತು, ಹೊಸ ಟೂರ್ನಿಗೆ ಧ್ವನಿ ಪ್ರತಿಧ್ವನಿಸುವಷ್ಟು ಖಾಲಿ. 2018ರಿಂದ ಸುಮ್ಮನೆ ಕಾಲೇಜು ಅಂಗಳಕ್ಕೆ ವಾಪಸ್ ತಂದರು. ಮಹಿಳಾ ಹಾಕಿಯ ರಾಷ್ಟ್ರೀಯ ಟೂರ್ನಿಯಲ್ಲೂ ಆರಂಭದ ಸುತ್ತು ಶ್ರೇಯಾಂಕ ಪಡೆದ ತಂಡಗಳ ತವರಲ್ಲೇ ನಡೆಯುತ್ತೆ. ಪುರುಷರ ಟೂರ್ನಿಗೆ ಮಾತ್ರ ಚರ್ಚೆ ಮುಗಿಯೋದೇ ಇಲ್ಲ. ‘ತವರಲ್ಲಿ ಆಡಿಸಿದ್ರೆ ನ್ಯಾಯ ಇರಲ್ಲ’ ಅನ್ನೋದು ಒಂದು ಕಡೆಯ ವಾದ. ಡೆನ್ವರ್ ಹೋಗಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಡಿದ್ದು ಯಾವ ನ್ಯಾಯ ಅಂತ ಕೇಳಿದ್ರೆ ಉತ್ತರ ಕಷ್ಟ.

ಹಾಜರಾತಿ ಪುಸ್ತಕದ ಗುಟ್ಟು

ಪತ್ರಿಕೆಯಲ್ಲಿ ಬರುವ ‘ಇಂದಿನ ಹಾಜರಾತಿ’ ಬಹಳಷ್ಟು ಕಡೆ ಮಾರಾಟವಾದ ಅಥವಾ ಹಂಚಿದ ಟಿಕೆಟ್‌ಗಳ ಸಂಖ್ಯೆ. ಗೇಟಲ್ಲಿ ಸ್ಕ್ಯಾನ್ ಆದ ಟಿಕೆಟ್ ಸಂಖ್ಯೆ ಬೇರೆ, ಅದು ಯಾವಾಗಲೂ ಕಡಿಮೆ. ಸೀಸನ್ ಟಿಕೆಟ್ ತಗೊಂಡವರು ಮನೇಲಿ ಕೂತ್ರೂ ಪುಸ್ತಕದಲ್ಲಿ ಹಾಜರಿ. ಹಂಗಾಗಿ ಕುಸಿತ ಮೊದಲು ಕಾಣೋದು ಲೆಕ್ಕದಲ್ಲಲ್ಲ, ಪಾರ್ಕಿಂಗ್ ಜಾಗದಲ್ಲಿ ಮತ್ತು ಎದುರಿನ ಹೋಟೆಲಿನ ಗಲ್ಲಾದಲ್ಲಿ.

ಒಂದು ಅಂದಾಜು ಲೆಕ್ಕ ಹಾಕೋಣ. ಪ್ರತಿ ಪಂದ್ಯಕ್ಕೆ ಮೂರು ಸಾವಿರ ಜನ ಕಡಿಮೆ ಬಂದ್ರು ಅಂತ ಇಟ್ಕೊಳ್ಳಿ. 17 ತವರು ಪಂದ್ಯಕ್ಕೆ 51 ಸಾವಿರ ಭೇಟಿ ಕಡಿಮೆ. ಟಿಕೆಟ್ ಮಾರಿದ ವಿಶ್ವವಿದ್ಯಾಲಯಕ್ಕೆ ರೇಟು ಏರಿಸಿ ಆ ನಷ್ಟ ತುಂಬಿಕೊಳ್ಳೋ ದಾರಿ ಇದೆ. ಬರ್ಗರ್ ಮಾರುವವನಿಗೆ ಇಲ್ಲ. ಬಂದ ಒಬ್ಬನೇ ಗಿರಾಕಿಗೆ ಎರಡು ಬರ್ಗರ್ ತಿನ್ನಿಸೋಕೆ ಆಗುತ್ತಾ? ಟಿಕೆಟ್ ಆದಾಯ ಹಾಗೇ ಇದ್ದೂ ಪೇಟೆ ಬೀದಿ ಬಡವಾಗಬಹುದು ಅನ್ನೋದನ್ನ ವಿಶ್ವವಿದ್ಯಾಲಯದ ಬ್ಯಾಲೆನ್ಸ್ ಶೀಟ್ ತೋರಿಸಲ್ಲ. ವಾರಾಂತ್ಯ ಇರೋದೇ ಎಂಟೊಂಬತ್ತು. ಒಂದೊಂದು ಕೈತಪ್ಪಿದ್ರೂ ಚಳಿಗಾಲದ ವ್ಯಾಪಾರದಲ್ಲಿ ಕಾಣುತ್ತೆ.

ತುಂಬುತ್ತಿರುವ ಕಡೆಗಳೂ ಇವೆ

ಎಲ್ಲಾ ಕಡೆ ಕುಸಿತ ಅಂದ್ರೆ ತಪ್ಪಾಗುತ್ತೆ. ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಜನಸಂಖ್ಯೆ 60 ಸಾವಿರದ ಆಸುಪಾಸು. ಅಲ್ಲಿನ ರಾಲ್ಫ್ ಎಂಗೆಲ್‌ಸ್ಟಾಡ್ ಅರೀನಾದಲ್ಲಿ 11,600ಕ್ಕೂ ಹೆಚ್ಚು ಸೀಟು. ಹಿಂದೆ ಅದೇ ಕಾಲೇಜಿನ ಗೋಲ್‌ಕೀಪರ್ ಆಗಿದ್ದು, ಆಮೇಲೆ ಲಾಸ್ ವೇಗಸ್‌ನಲ್ಲಿ ಕ್ಯಾಸಿನೊ ಕಟ್ಟಿ ಹಣ ಮಾಡಿದ ಎಂಗೆಲ್‌ಸ್ಟಾಡ್ 10 ಕೋಟಿ ಡಾಲರ್‌ಗೂ ಮೇಲೆ ಖರ್ಚು ಮಾಡಿ 2001ರಲ್ಲಿ ಕಟ್ಟಿಸಿಕೊಟ್ಟಿದ್ದು, ಸೀಟುಗಳಿಗೆಲ್ಲ ಚರ್ಮದ ಹೊದಿಕೆ. ಊರಲ್ಲಿ ಬೇರೆ ದೊಡ್ಡ ಆಟ ಇಲ್ಲ, ಎನ್‌ಎಚ್‌ಎಲ್ ತಂಡ ದೂರ. ಹಾಜರಾತಿ ಪಟ್ಟಿಯ ತುದಿಯಲ್ಲಿ ಅದರ ಹೆಸರು ವರ್ಷಗಳಿಂದ ಇದೆ.

ನ್ಯೂಯಾರ್ಕ್ ರಾಜ್ಯದ ಇಥಾಕದಲ್ಲಿ ಕಾರ್ನೆಲ್‌ನ ಲೈನಾ ರಿಂಕ್ ಬರೀ 4,267 ಸೀಟಿನದು. ಹಾರ್ವರ್ಡ್ ತಂಡ ಬಂದಾಗ ವಿದ್ಯಾರ್ಥಿಗಳು ಐಸ್ ಮೇಲೆ ಮೀನು ಎಸೆಯುವುದು ಅಲ್ಲಿನ ಹಳೇ ತಮಾಷೆ. ಸೀಸನ್ ಟಿಕೆಟ್‌ಗೆ ರಾತ್ರಿಯೆಲ್ಲಾ ಸಾಲು ನಿಂತಿದ್ದನ್ನ ಹಳೆ ವಿದ್ಯಾರ್ಥಿಗಳು ಇಂದಿಗೂ ಹೇಳಿಕೊಳ್ತಾರೆ. ಚಿಕ್ಕ ಮನೆ, ಗಟ್ಟಿ ಗಲಾಟೆ, ಹಳೆಯ ಎದುರಾಳಿ ಮೂರೂ ಒಂದೇ ಕಡೆ.

ಮ್ಯಾಡಿಸನ್‌ನಲ್ಲೇ ಇನ್ನೊಂದು ಕಥೆ ಇದೆ. ಅಲ್ಲಿನ ಮಹಿಳಾ ತಂಡಕ್ಕೆ 2012ರಲ್ಲಿ 2,273 ಸೀಟಿನ ಪ್ರತ್ಯೇಕ ಅರೀನಾ ಕಟ್ಟಿದ್ರು. 2017ರ ಜನವರಿ 14ರಂದು ಅದೇ ತಂಡವನ್ನು ದೊಡ್ಡ ಕೋಲ್ ಸೆಂಟರ್‌ನಲ್ಲಿ ಆಡಿಸಿದಾಗ 15,359 ಸೀಟೂ ತುಂಬಿ ಮಹಿಳಾ ಕಾಲೇಜ್ ಹಾಕಿಯ ದಾಖಲೆ ಆಯ್ತು. ಅಂದ್ರೆ ಆ ಊರಲ್ಲಿ ಹಾಕಿ ನೋಡುವ ಜನ ಇಲ್ಲ ಅನ್ನೋ ಹಾಗಿಲ್ಲ.

ಹೊಸದಾಗಿ ಕಟ್ಟುವವರು ಈ ಪಾಠ ಕಲಿತ ಹಾಗಿದೆ. ಅರಿಜೋನಾ ಸ್ಟೇಟ್ 2022ರಲ್ಲಿ ತೆರೆದ ಅರೀನಾ 5 ಸಾವಿರ ಸೀಟಿನದು, ಪೆನ್ ಸ್ಟೇಟ್‌ನದು 6 ಸಾವಿರದೊಳಗೆ. 15 ಸಾವಿರದ ಮನೆ ಕಟ್ಟುವ ಕಾಲ ಮುಗಿದಿದೆ. ಸೀಟು ಕಡಿಮೆ ಇದ್ರೆ ಗದ್ದಲ ಚೆನ್ನಾಗಿರುತ್ತೆ, ಸರಿ. ಆದ್ರೆ ಸೀಟು ಕಡಿಮೆಯಾದಾಗ ರೇಟು ಏರಿಸೋದೂ ಸುಲಭ. ಮಕ್ಕಳನ್ನು ಕರೆದುಕೊಂಡು ಕೊನೆ ಸಾಲಲ್ಲಿ ಅಗ್ಗಕ್ಕೆ ಕೂರುತ್ತಿದ್ದ ಕುಟುಂಬಕ್ಕೆ ಹೊಸ ಅರೀನಾದಲ್ಲಿ ಆ ಸಾಲೇ ಇಲ್ಲ.

ಮುಂದೆ ಖರ್ಚು ಇಳಿಯುವ ಲಕ್ಷಣ ಇಲ್ಲ

2025ರ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯ ಒಪ್ಪಿದ ‘ಹೌಸ್’ ಪ್ರಕರಣದ ರಾಜಿಯಂತೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಎಲ್ಲಾ ಆಟ ಸೇರಿ ಸುಮಾರು 2.05 ಕೋಟಿ ಡಾಲರ್. ಅದರಲ್ಲಿ ಸಿಂಹಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ. ಆದ್ರೆ ಹಣ ಹೊಂದಿಸಬೇಕಾದ್ದು ಎಲ್ಲಾ ಕಡೆಯಿಂದ. ಟೆನ್ನೆಸ್ಸೀ ವಿಶ್ವವಿದ್ಯಾಲಯ ಇದನ್ನು ಮುಚ್ಚಿಡದೆ, 2025ರ ಫುಟ್‌ಬಾಲ್ ಟಿಕೆಟ್ ಮೇಲೆ ಶೇ 10 ‘ಪ್ರತಿಭಾ ಶುಲ್ಕ’ ಅಂತಲೇ ಹಾಕಿತು. ಅಲ್ಲಿ ವಿಶ್ವವಿದ್ಯಾಲಯದ ಅಧಿಕೃತ ಹಾಕಿ ತಂಡ ಇಲ್ಲ, ಆದ್ರೆ ದಾರಿ ತೋರಿಸಿದ ಹಾಗಾಯ್ತು. ಕೆನಡಾದ ಜೂನಿಯರ್ ಲೀಗ್ ಆಟಗಾರರಿಗೂ 2025ರ ಆಗಸ್ಟ್‌ನಿಂದ ಕಾಲೇಜ್ ಹಾಕಿ ಬಾಗಿಲು ತೆರೆದಿದೆ. ಆಟದ ಮಟ್ಟ ಏರುತ್ತೆ, ಆಟಗಾರರನ್ನು ಸೆಳೆಯುವ ಖರ್ಚೂ ಏರುತ್ತೆ.

ಈ ಓಟದಲ್ಲಿ ಸಣ್ಣವರು ಹಿಂದೆ ಬೀಳ್ತಿದ್ದಾರೆ. ಅಲಬಾಮಾ ಹಂಟ್ಸ್‌ವಿಲ್ ತಂಡ 2021ರಲ್ಲಿ ನಿಂತಿದ್ದು ಮತ್ತೆ ಬರಲೇ ಇಲ್ಲ. ಅದೇ ವರ್ಷ ನಿಂತ ರಾಬರ್ಟ್ ಮಾರಿಸ್ ತಂಡ ಚಂದಾ ಎತ್ತಿ 2023ರಲ್ಲಿ ವಾಪಸಾಯ್ತು. ಅಮೆರಿಕನ್ ಇಂಟರ್‌ನ್ಯಾಷನಲ್ ಕಾಲೇಜು 2024-25ರ ನಂತರ ಎರಡನೇ ದರ್ಜೆಗೆ ಇಳಿಯಿತು.

ಅಲಾಸ್ಕಾ ಆಂಕರೇಜ್‌ನದು ಇನ್ನೊಂದು ಥರ. 6 ಸಾವಿರಕ್ಕೂ ಹೆಚ್ಚು ಸೀಟಿನ ನಗರದ ಅರೀನಾ ತುಂಬಿಸಲಾಗದೆ 2019ರಲ್ಲಿ ಕಾಲೇಜಿನೊಳಗಿನ ಸಣ್ಣ ರಿಂಕ್‌ಗೆ ಬಂದ್ರು. 2020ರಲ್ಲಿ ಹಣ ಇಲ್ಲ ಅಂತ ವಿಶ್ವವಿದ್ಯಾಲಯ ತಂಡವನ್ನೇ ತೆಗೆಯಲು ತೀರ್ಮಾನಿಸಿತು, 30 ಲಕ್ಷ ಡಾಲರ್ ಹೊಂದಿಸಿದ್ರೆ ಉಳಿಸ್ತೀವಿ ಅಂತ ಷರತ್ತು. ಊರಿನವರು, ಹಳೆ ಆಟಗಾರರು ಸೇರಿ ಒಂದು ವರ್ಷದಲ್ಲಿ ಅಷ್ಟೂ ಹೊಂದಿಸಿದ್ರು. 2022-23ರಲ್ಲಿ ತಂಡ ಮತ್ತೆ ಐಸ್ ಮೇಲೆ ಇಳಿಯಿತು. ಈಗ ಅವರ ತವರು ಅಂಗಳದಲ್ಲಿ ಸಾವಿರಕ್ಕಿಂತ ಕಡಿಮೆ ಸೀಟು.